ಪಿಟೀಲಿನ ಕೈಗೆ ಸಿಕ್ಕ ಮಾತಿನ ಯಂತ್ರ

ಪ್ರಶ್ನೆ: ನಮ್ಮ ತಂದೆ ಸಿಂಧನೂರಿನ ಸುತ್ತಮುತ್ತ ಭಜನೆ, ತತ್ವಪದಗಳಿಗೆ ಪಿಟೀಲು ನುಡಿಸಿಕೊಂಡು ಬಂದವರು. ಕ್ಯಾನ್ಸರ್‌ನಿಂದಾಗಿ ಈಚೆಗೆ ಅವರ ಧ್ವನಿಪೆಟ್ಟಿಗೆಯನ್ನು ಪೂರ್ತಿ ತೆಗೆದರು. ಕುತ್ತಿಗೆಗೆ ಒತ್ತಿ ಮಾತನಾಡುವ ಯಂತ್ರ ಕೊಡಿಸಿದೆವು. ‘ಒಂದೇ ಶ್ರುತಿ, ಭಾವವೇ ಇಲ್ಲ’ ಎಂದು ಬರೆದು ತೋರಿಸಿ ಅದನ್ನು ಕಪಾಟಿಗೆ ಸೇರಿಸಿದ್ದಾರೆ. ಬೇರೆ ಸಾಧನ ಇದೆಯೇ? ಅವರು ಮತ್ತೆ ಪಿಟೀಲು ಹಿಡಿಯಬಹುದೇ? ತಪಾಸಣೆಗೆ ಹೋದರೆ ವೈದ್ಯರು ಎಲ್ಲವನ್ನೂ ನಮ್ಮನ್ನೇ ಕೇಳುತ್ತಾರೆ, ಅವರು ಬರೆಯುವವರೆಗೆ ಕಾಯುವುದಿಲ್ಲ.

ಉತ್ತರ (ವಾಕ್ ಚಿಕಿತ್ಸಕರು): ನಿಮ್ಮ ತಂದೆಯವರ ಕಿವಿ ಸರಿಯಾಗಿಯೇ ಹಿಡಿದಿದೆ. ಧ್ವನಿತಂತುಗಳು ಮಾತಿನುದ್ದಕ್ಕೂ ಬಿಗಿದು ಸಡಿಲಗೊಂಡು ಶ್ರುತಿಯನ್ನು ಏರಿಳಿಸುತ್ತವೆ. ಸಾಮಾನ್ಯ ಯಂತ್ರ ಒಂದೇ ಸಮನೆ ಕಂಪಿಸುತ್ತದೆ. ನಾಲಿಗೆ, ತುಟಿ ಹಾಗೆಯೇ ಇರುವುದರಿಂದ ಅಕ್ಷರಗಳು ಹೊರಡುತ್ತವೆ. ಆದರೆ ಕಂಪನ ನಿಲ್ಲದ ಕಾರಣ ‘ಪ’ ಎಂಬುದು ‘ಬ’ದಂತೆ, ‘ತ’ ಎಂಬುದು ‘ದ’ದಂತೆ ಕೇಳುತ್ತದೆ. ಪದಗುಚ್ಛ ಮುಗಿದ ಕ್ಷಣವೇ ಗುಂಡಿ ಬಿಡುವ ಅಭ್ಯಾಸದಿಂದ ಮಾತು ಎಷ್ಟೋ ತಿಳಿಯಾಗುತ್ತದೆ.

ಒತ್ತಡಕ್ಕೆ ತಕ್ಕಂತೆ ಶ್ರುತಿ ಬದಲಾಗುವ ಗುಂಡಿಯಿರುವ ಯಂತ್ರಗಳೂ ಇವೆ. ಹೆಚ್ಚು ಒತ್ತಿದರೆ ಸ್ವರ ಏರುತ್ತದೆ, ಸಡಿಲಿಸಿದರೆ ಇಳಿಯುತ್ತದೆ. ಹಾಡುವಷ್ಟು ಸೂಕ್ಷ್ಮ ಅದರಲ್ಲಿಲ್ಲ; ಪ್ರಶ್ನೆಯನ್ನು ಪ್ರಶ್ನೆಯಂತೆ ಕೇಳಲು, ಮೊಮ್ಮಗುವನ್ನು ಗದರಲು ಸಾಕು. ಎಷ್ಟೋ ಜನರಿಗೆ ಈ ಗುಂಡಿಯ ಹದ ಸಿಗುವುದಿಲ್ಲ. ನಿಮ್ಮ ತಂದೆಯವರಿಗೆ ಸಿಗಬಹುದೆಂದು ನನ್ನ ಅಂದಾಜು. ಪಿಟೀಲಿನಲ್ಲಿ ಸ್ವರಸ್ಥಾನ ತೋರಿಸುವ ಮೆಟ್ಟುಗಳಿಲ್ಲ, ಸರೋದ್ ವಾದಕ ರಾಜೀವ ತಾರಾನಾಥರ ವಾದ್ಯದಲ್ಲೂ ಇಲ್ಲ. ಸ್ವರ ಎಲ್ಲಿದೆ ಎಂಬುದನ್ನು ಬೆರಳೇ ಹುಡುಕಬೇಕು, ಜಾರಬೇಕು. ಆ ಅಭ್ಯಾಸ ನಿಮ್ಮ ತಂದೆಯವರ ಎಡಗೈಯಲ್ಲಿ ಈಗಾಗಲೇ ಇದೆ. ಯಂತ್ರವನ್ನು ಎಡಗೈಗೇ ಕೊಡಿ, ಬಲಗೈ ಬರೆಯಲು ಉಳಿಯುತ್ತದೆ.

ಇನ್ನೊಂದು ದಾರಿ, ಶ್ವಾಸನಾಳ ಮತ್ತು ಅನ್ನನಾಳದ ನಡುವೆ ಒಮ್ಮುಖ ಕವಾಟ ಕೂರಿಸುವುದು. ಶ್ವಾಸಕೋಶದ ಗಾಳಿಯೇ ಅನ್ನನಾಳದ ಮೇಲ್ಭಾಗವನ್ನು ಕಂಪಿಸುವಂತೆ ಮಾಡುವುದರಿಂದ ಧ್ವನಿ ಗಡಸಾದರೂ ಸಹಜಕ್ಕೆ ಹತ್ತಿರ. ಎಲ್ಲರಿಗೂ ಒಗ್ಗುವುದಿಲ್ಲ. ದಿನವೂ ಸ್ವಚ್ಛಗೊಳಿಸಬೇಕು, ಕೆಲವು ತಿಂಗಳಿಗೊಮ್ಮೆ ಬದಲಿಸಬೇಕು, ಸೋರಿದರೆ ತಕ್ಷಣ ತೋರಿಸಬೇಕು. ಬದಲಿಸುವ ಆಸ್ಪತ್ರೆ ಎಷ್ಟು ದೂರ ಎಂಬುದನ್ನು ಮೊದಲು ವಿಚಾರಿಸಿ.

ಟೈಪ್ ಮಾಡಿದ್ದನ್ನು ಕನ್ನಡದಲ್ಲಿ ಓದಿ ಹೇಳುವ ಸೌಲಭ್ಯ ಆಂಡ್ರಾಯ್ಡ್ ಮೊಬೈಲ್‌ನಲ್ಲಿದೆ. ಬ್ಯಾಂಕು, ಔಷಧ ಅಂಗಡಿಗೆ ಸಾಕು. ಅವರ ಹಳೆಯ ವಾಟ್ಸ್‌ಆ್ಯಪ್ ಧ್ವನಿಸಂದೇಶಗಳನ್ನು ಮಾತ್ರ ಅಳಿಸಬೇಡಿ. ಅವರದೇ ಧ್ವನಿಯನ್ನು ಹೋಲುವ ಕೃತಕ ಧ್ವನಿ ಸಿದ್ಧಪಡಿಸಲು ಅವು ಬೇಕಾಗುತ್ತವೆ. ತಬಲಾ, ತಾಳ ಬೆರೆತ ಭಜನೆಯ ಧ್ವನಿಮುದ್ರಣಕ್ಕಿಂತ ಮನೆಯ ಮಾತೇ ಇದಕ್ಕೆ ಮೇಲು.

ಪಿಟೀಲು ಖಂಡಿತ ಹಿಡಿಯಬಹುದು, ಗಾಯ ಮಾಗಿದೆ ಎಂದು ಶಸ್ತ್ರವೈದ್ಯರು ಹೇಳಿದ ಮೇಲೆ. ಅವರು ಈಗ ಉಸಿರಾಡುವುದು ಕುತ್ತಿಗೆಯಲ್ಲಿ ಮಾಡಿದ ರಂಧ್ರದಿಂದ; ವಾದ್ಯದ ತುದಿ ಅದನ್ನು ಮುಚ್ಚಬಾರದು, ಒತ್ತಲೂಬಾರದು. ಕಮಾನಿಗೆ ಹಚ್ಚುವ ರೋಸಿನ್‌ನ ಪುಡಿ ನೇರ ಶ್ವಾಸನಾಳಕ್ಕೆ ಇಳಿಯಬಹುದು. ರಂಧ್ರದ ಮೇಲೆ ಹೊದಿಕೆ ಇರಲಿ, ರೋಸಿನ್ ಅನ್ನು ಬೇರೆಯವರು ದೂರದಲ್ಲಿ ಹಚ್ಚಿಕೊಡಲಿ. ನಿಮ್ಮ ಕಡೆಯ ಬೇಸಿಗೆಯ ಧೂಳಿಗೂ ಆ ಹೊದಿಕೆ ಬೇಕು. ಕುತ್ತಿಗೆಯ ದುಗ್ಧಗ್ರಂಥಿಗಳನ್ನೂ ತೆಗೆದಿದ್ದರೆ ಭುಜದ ನರ ಸೋತು ತೋಳು ಏಳದಿರಬಹುದು. ಅದಕ್ಕೆ ಫಿಸಿಯೋಥೆರಪಿ ಬೇಕು. ‘ವಯಸ್ಸಾಯಿತು’ ಎಂದು ಕೈಬಿಡಬೇಡಿ.

ವೈದ್ಯರ ವಿಷಯ. ಮಾತು ಹೋದವರ ಮನಸ್ಸು, ಕಿವಿ ಎರಡೂ ನೆಟ್ಟಗಿವೆ ಎಂಬುದನ್ನು ನಮ್ಮ ವೃತ್ತಿಯವರೇ ಮರೆಯುತ್ತಾರೆ, ಇದಕ್ಕೆ ಸಮಜಾಯಿಷಿ ಇಲ್ಲ. ಪ್ರಶ್ನೆಗಳನ್ನು ಮನೆಯಲ್ಲೇ ಬರೆಸಿ, ಅವರ ಕೈಯಿಂದಲೇ ಕೊಡಿಸಿ. ನಿಮ್ಮನ್ನು ಕೇಳಿದರೆ ‘ಅಪ್ಪನೇ ಹೇಳುತ್ತಾರೆ’ ಎಂದು ಸುಮ್ಮನಿರಿ. ಆ ಮೌನ ನಿಮಗೆ ಮುಜುಗರವಾದರೂ ಇರಲಿ.

ಜೇಬಿನಲ್ಲಿ ಒಂದು ಚೀಟಿ ಕಡ್ಡಾಯ: ‘ನಾನು ಕುತ್ತಿಗೆಯಿಂದ ಉಸಿರಾಡುತ್ತೇನೆ. ಆಮ್ಲಜನಕ ಕೊಡುವುದಾದರೆ ಇಲ್ಲಿಗೇ ಕೊಡಿ.’ ತುರ್ತು ಸಂದರ್ಭದಲ್ಲಿ ಮೂಗಿಗೆ ಮಾಸ್ಕ್ ಹಾಕಿದರೆ ಪ್ರಯೋಜನವಿಲ್ಲ.

ಧ್ವನಿಪೆಟ್ಟಿಗೆ ತೆಗೆದುದರಿಂದ ಬರುವ ಶಾಶ್ವತ ಮಾತಿನ ತೊಂದರೆಯನ್ನು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಅಂಗವೈಕಲ್ಯವೆಂದು ಒಪ್ಪುತ್ತದೆ. ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿಗೆ (ಯುಡಿಐಡಿ ಕಾರ್ಡ್) ಅರ್ಜಿ ಹಾಕಿ. ವಾಕ್ ತರಬೇತಿಗೆ ಜಿಲ್ಲಾ ಮಟ್ಟದ ಆಸ್ಪತ್ರೆಯ ಕಿವಿ-ಮೂಗು-ಗಂಟಲು ವಿಭಾಗದಲ್ಲಿ ಕೇಳಿ. ಅಲ್ಲಿ ಸಿಗದಿದ್ದರೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಬರೆಯಿರಿ.