ಸೌಂಡ್ ಸ್ಲೀಪ್‌ನಲ್ಲಿ ‘ಸೌಂಡ್’ ಯಾಕಿದೆ?

ಪ್ರಶ್ನೆ: ಸೌಂಡ್ ಅಂದರೆ ಶಬ್ದ ಎಂದು ಚಿಕ್ಕಂದಿನಲ್ಲೇ ಕಲಿತೆವು. ಹಾಗಿದ್ದ ಮೇಲೆ ಸದ್ದೇ ಕೇಳಿಸದಂಥ ಗಾಢ ನಿದ್ರೆಯನ್ನು ಸೌಂಡ್ ಸ್ಲೀಪ್ ಅನ್ನುವುದೇಕೆ? ಒಳ್ಳೆಯ ಸಲಹೆ ಸೌಂಡ್ ಅಡ್ವೈಸ್ ಆಗುತ್ತದೆ, ಉಯಿಲಿನಲ್ಲಿ ಸೌಂಡ್ ಮೈಂಡ್ ಎಂದು ಬರೆಯುತ್ತಾರೆ. ಒಂದೇ ಪದಕ್ಕೆ ಇಷ್ಟು ದೂರ ದೂರದ ಅರ್ಥಗಳು ಹೇಗೆ ಬಂದವು?

ಉತ್ತರ: ಇವು ಒಂದೇ ಪದಕ್ಕೆ ಬಂದ ಅರ್ಥಗಳಲ್ಲ. ಶಬ್ದ ಎಂಬ ಅರ್ಥದ ಸೌಂಡ್ ಬೇರೆ ಪದ, ನಿದ್ರೆಯ ಮುಂದೆ ಬರುವ ಸೌಂಡ್ ಬೇರೆ ಪದ. ಎರಡರ ಊರೂ ಬೇರೆ, ಕುಲವೂ ಬೇರೆ. ಕನ್ನಡದಲ್ಲೂ ಹೀಗೆ ಆಗಿದೆ. ‘ತಿಳಿ’ ಎಂಬ ಅರ್ಥದ ಅರಿ ನಮ್ಮದೇ ಪದ, ‘ಶತ್ರು’ ಎಂಬ ಅರ್ಥದ ಅರಿ ಸಂಸ್ಕೃತದ್ದು. ಹಳಗನ್ನಡದಲ್ಲಿ ಮೊದಲನೆಯದನ್ನು ಶಕಟರೇಫ ಬಳಸಿ ‘ಅಱಿ’ ಎಂದು ಬರೆಯುತ್ತಿದ್ದರು. ಆ ಅಕ್ಷರ ಬಳಕೆ ತಪ್ಪಿದ ಮೇಲೆ ಎರಡೂ ಒಂದೇ ಥರ ಕಾಣತೊಡಗಿದವು. ತಿಳಿವಳಿಕೆಗೂ ಶತ್ರುವಿಗೂ ನಂಟು ಹುಡುಕುತ್ತ ಕೂತರೆ ಹೇಗೋ, ನಿದ್ರೆಯಲ್ಲಿ ಶಬ್ದ ಹುಡುಕುವುದೂ ಹಾಗೆಯೇ.

ನಿದ್ರೆಯ ಸೌಂಡ್ ಇಂಗ್ಲಿಷಿನ ಮನೆಯ ಪದ. ಹಳೆಯ ಇಂಗ್ಲಿಷಿನಲ್ಲಿ ಅದರ ರೂಪ ‘ಯೆಸುಂಡ್’. ಅರ್ಥ: ಆರೋಗ್ಯವಾಗಿರುವ, ಏನೂ ಊನವಿಲ್ಲದ. ಮುಂದಿನ ‘ಯೆ’ ಬರಬರುತ್ತ ಸವೆದು ಬಿದ್ದುಹೋಯಿತು. ಜರ್ಮನ್ನರು ಅದನ್ನು ಇಂದಿಗೂ ಉಳಿಸಿಕೊಂಡಿದ್ದಾರೆ: ಆರೋಗ್ಯವಂತ ಎನ್ನಲು ಅವರು ‘ಗೆಜುಂಡ್’ ಅನ್ನುತ್ತಾರೆ, ಯಾರಾದರೂ ಸೀನಿದರೆ ‘ಗೆಜುಂಡ್‌ಹೈಟ್’ ಎಂದು ಹಾರೈಸುತ್ತಾರೆ. ಸೇಫ್ ಅಂಡ್ ಸೌಂಡ್ ಎಂಬ ಜೋಡಿಯಲ್ಲಿರುವುದೂ ಇದೇ ಪದ. ಮೈಗೆ ಏಟಿಲ್ಲ, ಊನವಿಲ್ಲ ಎಂದು ಅದರ ತಾತ್ಪರ್ಯ.

ಅರ್ಥ ಹಿಗ್ಗಿದ್ದು ಈ ಪದದೊಳಗೆ. ಮೊದಲು ರೋಗವಿಲ್ಲದ ಮೈ. ಆಮೇಲೆ ಹುಳುಕಿಲ್ಲದ ಹಲ್ಲು, ಲಡ್ಡಾಗದ ಮರ. ಅಲ್ಲಿಂದ ಮುರಿಯದ ನಿದ್ರೆ, ಸ್ವಸ್ಥ ಬುದ್ಧಿ, ನೆಚ್ಚಬಹುದಾದ ಸಲಹೆ, ಸಾಲದಲ್ಲಿ ಮುಳುಗದ ವ್ಯಾಪಾರ. ತರ್ಕಶಾಸ್ತ್ರದವರು ಇದಕ್ಕೆ ಇನ್ನೂ ಬಿಗಿಯಾದ ಅರ್ಥ ಕೊಟ್ಟರು. ವಾದದ ಜೋಡಣೆ ಸರಿಯಿದ್ದರಷ್ಟೇ ಅದು ಸೌಂಡ್ ಆರ್ಗ್ಯುಮೆಂಟ್ ಆಗುವುದಿಲ್ಲ, ಅದು ನಿಂತಿರುವ ಆಧಾರ ವಾಕ್ಯಗಳೂ ನಿಜವಾಗಿರಬೇಕು. ಇಷ್ಟರಲ್ಲೂ ‘ಊನವಿಲ್ಲದ್ದು’ ಎಂಬ ಒಂದೇ ಎಳೆ ಓಡಿದೆ. ಹಾಗಾಗಿ ಇದನ್ನು ಧಾರಾಳವಾಗಿ ನಾನಾರ್ಥ ಪದ ಅನ್ನಬಹುದು.

ಶಬ್ದದ ಸೌಂಡ್ ಹೊರಗಿನಿಂದ ಬಂದದ್ದು. ಲ್ಯಾಟಿನ್ನಿನ ‘ಸೊನುಸ್’ ಫ್ರೆಂಚಿನಲ್ಲಿ ‘ಸೊನ್’ ಆಯಿತು. ನಾರ್ಮನ್ನರು 1066ರಲ್ಲಿ ಇಂಗ್ಲೆಂಡನ್ನು ಗೆದ್ದ ಮೇಲೆ ಅವರ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಸೇರಿ ‘ಸೂನ್’ ಆಯಿತು. ಸೊನಾಟಾ, ಸಾನೆಟ್, ರೆಸೊನೆನ್ಸ್, ಸೂಪರ್‌ಸಾನಿಕ್ ಎಲ್ಲವೂ ಅದರ ಬಳಗವೇ. ಗಮನಿಸಿ, ಇವ್ಯಾವುದರಲ್ಲೂ ‘ನ್’ ಆದಮೇಲೆ ‘ಡ್’ ಇಲ್ಲ. ಸೌಂಡ್‌ನ ಆ ಡಕಾರ ಮೂಲದಲ್ಲಿ ಇದ್ದದ್ದಲ್ಲ, ಇಂಗ್ಲಿಷ್ ನಾಲಿಗೆ ಸೇರಿಸಿದ್ದು. ತ, ಥ, ದ, ಧ, ನ ನಮ್ಮ ವರ್ಣಮಾಲೆಯಲ್ಲಿ ಒಂದೇ ಸಾಲಿನಲ್ಲಿರುವುದು ಅವು ಹುಟ್ಟುವ ಜಾಗ ಒಂದೇ ಆದ್ದರಿಂದ. ನಕಾರ ಹೇಳುವಾಗ ಉಸಿರು ಮೂಗಿನಿಂದ ಹೋಗುತ್ತದೆ. ನಾಲಿಗೆ ಮೇಲಿಂದ ಬಿಡುವ ಮುನ್ನವೇ ಮೂಗಿನ ದಾರಿ ಮುಚ್ಚಿದರೆ, ನಕಾರದ ಬಾಲಕ್ಕೆ ತಾನಾಗಿ ಒಂದು ದಕಾರ ಅಂಟಿಕೊಳ್ಳುತ್ತದೆ. ಗುಡುಗಿಗೆ ಹಳೆಯ ಇಂಗ್ಲಿಷಿನ ಪದ ‘ಥುನೊರ್’. ಅದು ಥಂಡರ್ ಆದದ್ದು ಹೀಗೆಯೇ.

ಇನ್ನು ಎರಡೂ ಪದಗಳ ಸ್ವರ ‘ಔ’ ಆದದ್ದು. ಹಳೆಯ ಇಂಗ್ಲಿಷಿನ ಕೊನೆಯ ಘಟ್ಟದಲ್ಲಿ ‘ಂಡ್’ ಮುಂದಿದ್ದರೆ ಹಿಂದಿನ ಉಕಾರ ದೀರ್ಘವಾಯಿತು. ಆಮೇಲೆ 15ನೇ ಶತಮಾನದಿಂದ ಶುರುವಾದ ದೊಡ್ಡ ಸ್ವರಪಲ್ಲಟದಲ್ಲಿ ‘ಊ’ ಎಲ್ಲ ‘ಔ’ ಕಡೆಗೆ ಜಾರಿತು. ಹೂಸ್ ಹೋಗಿ ಹೌಸ್, ಮೂಸ್ ಹೋಗಿ ಮೌಸ್. ಜರ್ಮನ್ ಪದಗಳನ್ನು ಪಕ್ಕಕ್ಕಿಟ್ಟರೆ ಈ ಬದಲಾವಣೆ ಕಣ್ಣಿಗೆ ಕಟ್ಟುತ್ತದೆ: ಹುಂಡ್–ಹೌಂಡ್, ಗ್ರುಂಡ್–ಗ್ರೌಂಡ್, ಪ್ಫುಂಡ್–ಪೌಂಡ್, ಗೆಜುಂಡ್–ಸೌಂಡ್. ಸೂನ್ ಕೂಡ ಡಕಾರ ಹಚ್ಚಿಕೊಂಡು ಇದೇ ದಾರಿಯಲ್ಲಿ ಬಂದು ಕೂಡಿಕೊಂಡಿತು.

ಪ್ರಶ್ನೆ: ಭೂಪಟದಲ್ಲಿ ಪ್ಯುಜೆಟ್ ಸೌಂಡ್, ಮಿಲ್‌ಫರ್ಡ್ ಸೌಂಡ್ ಎಂಬ ಹೆಸರುಗಳನ್ನು ನೋಡಿದೆ. ಅಲೆಗಳ ಸದ್ದು ಬೆಟ್ಟಕ್ಕೆ ಬಡಿದು ಮಾರ್ದನಿಸುವುದರಿಂದ ಈ ಹೆಸರು ಬಂತು ಎಂದು ಒಬ್ಬರು ಹೇಳಿದರು. ನಿಜವೇ?

ಉತ್ತರ: ಅಲ್ಲ. ಇಂಥ ಕಥೆಗಳು ಕೇಳಲು ಚೆನ್ನಾಗಿರುತ್ತವೆ, ಅದಕ್ಕೇ ಬೇಗ ಹಬ್ಬುತ್ತವೆ. ಆದರೆ ಅವು ಪದದ ನಿಜವಾದ ಚರಿತ್ರೆಯನ್ನು ಮುಚ್ಚಿಹಾಕುತ್ತವೆ. ಆ ಚರಿತ್ರೆ ಕಥೆಗಿಂತ ಸೊಗಸಾಗಿದೆ ಎಂಬುದು ನನ್ನ ನಂಬಿಕೆ.

ಇದು ಮೂರನೆಯ ಸೌಂಡ್. ಸ್ಕ್ಯಾಂಡಿನೇವಿಯದ ನಾವಿಕರ ಹಳೆಯ ನಾರ್ಸ್ ಭಾಷೆಯಲ್ಲಿ ‘ಸುಂಡ್’ ಅಂದರೆ ಈಜು. ಎರಡು ದಡಗಳ ನಡುವಿನ ಕಿರಿದಾದ ಕಡಲೂ ಹೌದು. ಇಂಗ್ಲಿಷಿನ ಸ್ವಿಮ್ ಇದರ ಸೋದರ ಪದ. ಡೆನ್ಮಾರ್ಕ್ ಮತ್ತು ಸ್ವೀಡನ್ ನಡುವಿನ ಎರೆಸುಂಡ್ ಜಲಸಂಧಿಯ ಹೆಸರಿನಲ್ಲಿ ಅದು ಮೂಲ ರೂಪದಲ್ಲೇ ಉಳಿದಿದೆ. ಅದರ ಅತಿ ಕಿರಿದಾದ ಜಾಗದ ಅಗಲ ಸುಮಾರು 4 ಕಿಲೋಮೀಟರ್. ಅಲ್ಲಿ ಹಾಯುವ ಹಡಗುಗಳಿಂದ ಡೆನ್ಮಾರ್ಕಿನ ದೊರೆಗಳು 1429ರಿಂದ 1857ರವರೆಗೆ ಸುಂಕ ಎತ್ತಿದರು. ಆ ಜಲಸಂಧಿಯನ್ನು ಇಂಗ್ಲಿಷಿನಲ್ಲಿ ಬರೀ ‘ದಿ ಸೌಂಡ್’ ಎಂದೂ ಕರೆಯುತ್ತಾರೆ. ಮುಂದೆ ಇಂಗ್ಲಿಷ್ ನಾವಿಕರು ಹೋದಲ್ಲೆಲ್ಲ ಈ ಪದವೂ ಹೋಯಿತು. ಅಮೆರಿಕದ ಪಶ್ಚಿಮ ತೀರದಲ್ಲಿ ಜಾರ್ಜ್ ವ್ಯಾಂಕೂವರ್ 1792ರಲ್ಲಿ ತನ್ನ ಕೈಕೆಳಗಿನ ಅಧಿಕಾರಿ ಪೀಟರ್ ಪ್ಯುಜೆಟ್‌ನ ಹೆಸರನ್ನು ಇಟ್ಟದ್ದು ಪ್ಯುಜೆಟ್ ಸೌಂಡ್‌ಗೆ. ನ್ಯೂಜಿಲೆಂಡಿನ ಮಿಲ್‌ಫರ್ಡ್ ಸೌಂಡ್ ಭೂಗೋಳದ ಲೆಕ್ಕದಲ್ಲಿ ಹಿಮನದಿ ಕೊರೆದ ಫ್ಯೋರ್ಡ್, ಅಂದರೆ ನೆಲದೊಳಕ್ಕೆ ಚಾಚಿದ ಕಿರಿದಾದ ಕಡಲ ತೋಳು. ಸೌಂಡ್ ಎಂಬ ಹೆಸರು ಅದಕ್ಕೆ ಹೊಂದುವುದೂ ಇಲ್ಲ, ಆದರೂ ನಿಂತುಬಿಟ್ಟಿದೆ.

ಮೀನಿನ ಹೊಟ್ಟೆಯಲ್ಲಿ ಗಾಳಿ ತುಂಬಿದ ಒಂದು ಚೀಲವಿರುತ್ತದೆ. ನೀರಿನಲ್ಲಿ ತೇಲುವ ಹದವನ್ನು ಅದು ಕಾಯುತ್ತದೆ. ಅದಕ್ಕೂ ಇಂಗ್ಲಿಷಿನಲ್ಲಿ ಸೌಂಡ್ ಎಂಬ ಹೆಸರುಂಟು. ಅಲ್ಲಿರುವುದು ಈಜು ಎಂಬ ಹಳೆಯ ಅರ್ಥ.

ಪ್ರಶ್ನೆ: ಹಡಗಿನ ಎಕೋ ಸೌಂಡರ್ ಶಬ್ದ ಕಳಿಸಿ ಆಳ ಅಳೆಯುತ್ತದೆ. ಆ ಹೆಸರಿನಲ್ಲಿರುವುದಾದರೂ ಶಬ್ದದ ಸೌಂಡ್ ತಾನೆ?

ಉತ್ತರ: ಎಲ್ಲರೂ ಹಾಗೆಯೇ ಎಣಿಸುತ್ತಾರೆ, ಎಣಿಸುವುದರಲ್ಲಿ ತಪ್ಪೂ ಇಲ್ಲ. ಆದರೆ ಅಲ್ಲಿರುವುದು ನಾಲ್ಕನೆಯ ಸೌಂಡ್. ಆಳ ನೋಡು ಎಂಬ ಅರ್ಥದ ಫ್ರೆಂಚ್ ಕ್ರಿಯಾಪದ ‘ಸೊಂದೆ’ಯಿಂದ ಬಂದದ್ದು. ಹಡಗಿನವರು ನೂರಾರು ವರ್ಷ ಹಗ್ಗದ ತುದಿಗೆ ಸೀಸದ ಗುಂಡು ಕಟ್ಟಿ ಇಳಿಬಿಟ್ಟು ‘ಸೌಂಡ್’ ಮಾಡುತ್ತಿದ್ದರು. ಗುಂಡಿನ ತಳದ ಕುಳಿಗೆ ಪ್ರಾಣಿಕೊಬ್ಬು ಮೆತ್ತಿರುತ್ತಿತ್ತು. ಕಡಲ ತಳದ ಮರಳೋ ಚಿಪ್ಪಿನ ಚೂರೋ ಅದಕ್ಕೆ ಅಂಟಿ ಮೇಲೆ ಬರುತ್ತಿತ್ತು. ಅದನ್ನು ನೋಡಿಯೇ ಅನುಭವಿಗಳು ಹಡಗು ಎಲ್ಲಿದೆ ಎಂದು ಅಂದಾಜು ಮಾಡುತ್ತಿದ್ದರು. ಆಳದ ಅಳತೆ ಫ್ಯಾದಮ್‌ನಲ್ಲಿ, ಒಂದಕ್ಕೆ 6 ಅಡಿ. ಚಾಚಿದ ಎರಡು ತೋಳುಗಳ ಅಗಲ ಎಂಬುದೇ ಆ ಪದದ ಹುಟ್ಟು, ಥೇಟ್ ನಮ್ಮ ‘ಮಾರು’ ಇದ್ದ ಹಾಗೆ. ಬ್ರಿಟನ್ನಿನ ಚಾಲೆಂಜರ್ ಹಡಗು 1875ರ ಮಾರ್ಚ್ 23ರಂದು ಪಶ್ಚಿಮ ಪೆಸಿಫಿಕ್‌ನಲ್ಲಿ ಹೀಗೆ ಹಗ್ಗ ಇಳಿಸಿದಾಗ 4,475 ಫ್ಯಾದಮ್ ಸಿಕ್ಕಿತು. ಅಂದರೆ 8 ಕಿಲೋಮೀಟರ್‌ಗೂ ಹೆಚ್ಚು! ಎಂಟು ಕಿಲೋಮೀಟರ್ ಹಗ್ಗ ಇಳಿಸಿ ಮತ್ತೆ ಸುತ್ತಿಕೊಂಡವರ ತಾಳ್ಮೆಗೆ ನಾನು ತಲೆಬಾಗುತ್ತೇನೆ.

ಟೈಟಾನಿಕ್ ಹಡಗು ಕಡಲಲ್ಲಿ ತೇಲುವ ನೀರ್ಗಲ್ಲಿಗೆ ಬಡಿದು ಮುಳುಗಿದ್ದು 1912ರಲ್ಲಿ. ನೀರ್ಗಲ್ಲುಗಳನ್ನು ಮುಂಚಿತವಾಗಿ ಗುರುತಿಸುವ ದಾರಿ ಹುಡುಕುತ್ತಿದ್ದ ಜರ್ಮನ್ ಭೌತವಿಜ್ಞಾನಿ ಅಲೆಕ್ಸಾಂಡರ್ ಬೇಮ್, 1913ರಲ್ಲಿ ಮಾರ್ದನಿಯಿಂದ ಆಳ ಅಳೆಯುವ ವಿಧಾನಕ್ಕೆ ಪೇಟೆಂಟ್ ಪಡೆದರು. ಸಮುದ್ರದ ನೀರಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1,500 ಮೀಟರ್ ಓಡುತ್ತದೆ. ಮಾರ್ದನಿ ಎರಡು ಸೆಕೆಂಡಿಗೆ ಮರಳಿದರೆ ಆಳ 1,500 ಮೀಟರ್. ಹಗ್ಗದ ಕೆಲಸ ಶಬ್ದಕ್ಕೆ ಬಂತು, ಹೆಸರು ಮಾತ್ರ ಹಗ್ಗದ ಕಾಲದ್ದೇ ಉಳಿಯಿತು. ಬೇರೆ ಊರಿನ ಎರಡು ಪದಗಳು ಒಂದು ಯಂತ್ರದಲ್ಲಿ ಸಂಧಿಸಿದ್ದು ಬರೀ ಆಕಸ್ಮಿಕ. ಮೀನುಗಾರರು ಇದೇ ಯಂತ್ರದಿಂದ ಮೀನಿನ ಗುಂಪನ್ನು ಪತ್ತೆ ಮಾಡುತ್ತಾರೆ. ಆಗ ಶಬ್ದವನ್ನು ಜೋರಾಗಿ ಹಿಂದಕ್ಕೆ ಕಳಿಸುವುದು ಮುಖ್ಯವಾಗಿ ಮೀನಿನ ಆ ಗಾಳಿಚೀಲವೇ. ಜಲಸಂಧಿಯೊಂದರಲ್ಲಿ ಈ ಕೆಲಸ ನಡೆದರೆ ಮೂರು ಮೂಲದ ಸೌಂಡ್‌ಗಳು ಒಟ್ಟಿಗೆ ನೀರಿಗಿಳಿದ ಹಾಗೆ.

ಒಬ್ಬರ ಮನಸ್ಸಿನಲ್ಲಿ ಏನಿದೆ ಎಂದು ಮೆಲ್ಲಗೆ ಕೆದಕಿ ನೋಡುವ ‘ಸೌಂಡ್ ಔಟ್’, ತಿಮಿಂಗಿಲ ಆಳಕ್ಕೆ ಧುಮುಕುವುದನ್ನು ಹೇಳುವ ಸೌಂಡ್, ಹವಾಮಾನದವರು ಬಲೂನಿಗೆ ಕಟ್ಟಿ ಹಾರಿಸುವ ರೇಡಿಯೋಸಾಂಡ್ ಇವೆಲ್ಲ ಈ ನಾಲ್ಕನೆಯದರ ಮಕ್ಕಳು. ಫ್ರೆಂಚ್ ಪದದ ಮೂಲದ ಬಗ್ಗೆ ವಿದ್ವಾಂಸರಲ್ಲಿ ಎರಡು ಮತಗಳಿವೆ. ‘ಅಲೆಯ ಕೆಳಗೆ’ ಎಂಬ ಅರ್ಥದ ಲ್ಯಾಟಿನ್ ಮೂಲ ಎಂದು ಕೆಲವರ ಮತ. ಉತ್ತರದ ನಾವಿಕರ ‘ಸುಂಡ್’ ಪದವೇ ಫ್ರೆಂಚಿಗೆ ಹೋಗಿಬಂತು ಎಂದು ಇನ್ನು ಕೆಲವರದು. ಆಳ ನೋಡುವ ಗಳಕ್ಕೆ ಹಳೆಯ ಇಂಗ್ಲಿಷಿನಲ್ಲೇ ‘ಸುಂಡ್‌ಯಿರ್ಡ್’ ಎಂಬ ಪದವಿದ್ದುದರಿಂದ ನನ್ನ ಒಲವು ಎರಡನೆಯದರ ಕಡೆಗೆ. ಅದೇ ನಿಜವಾದರೆ ಮೂರನೆಯ ಸೌಂಡ್ ಮತ್ತು ನಾಲ್ಕನೆಯದು ದಾಯಾದಿಗಳು.

ನಿಘಂಟು ತೆರೆದಾಗ ಒಂದು ಸೂಕ್ಷ್ಮ ಗಮನಿಸಿ. ಒಂದೇ ಪದದ ಅರ್ಥಗಳನ್ನು ಒಂದೇ ಉಲ್ಲೇಖದ ಕೆಳಗೆ ಸಾಲಾಗಿ ಕೊಡುತ್ತಾರೆ. ಮೂಲ ಬೇರೆಯಾಗಿದ್ದರೆ ಅದೇ ಕಾಗುಣಿತವನ್ನು ಮತ್ತೆ ಬರೆದು, ಹೆಗಲ ಮೇಲೆ 1, 2, 3 ಎಂದು ಪುಟ್ಟ ಅಂಕಿ ಹಾಕುತ್ತಾರೆ.

ಪ್ರಶ್ನೆ: ಸಂಸ್ಕೃತದ ಸ್ವನ, ಧ್ವನಿ ಪದಗಳಿಗೂ ಸೌಂಡ್‌ಗೂ ಸಂಬಂಧ ಇದೆಯೇ?

ಉತ್ತರ: ಸ್ವನಕ್ಕೆ ಇದೆ, ಧ್ವನಿಗೆ ಇಲ್ಲ. ಸ್ವನ ಮತ್ತು ಲ್ಯಾಟಿನ್ ಸೊನುಸ್ ಒಂದೇ ಇಂಡೋ-ಯುರೋಪಿಯನ್ (ಸಂಸ್ಕೃತ, ಲ್ಯಾಟಿನ್, ಇಂಗ್ಲಿಷ್ ಎಲ್ಲ ಸೇರಿದ ಭಾಷಾಕುಟುಂಬದ) ಬೇರಿನಿಂದ ಒಡೆದವು. ಸಂಸ್ಕೃತದ ‘ಸ್ವ’ ಇರುವಲ್ಲಿ ಲ್ಯಾಟಿನ್ನಿನಲ್ಲಿ ‘ಸೊ’ ಕಾಣುವುದು ಇದೊಂದೇ ಕಡೆಯಲ್ಲ: ಸ್ವಪ್ನಕ್ಕೆ ಅಲ್ಲಿ ಸೊಮ್ನುಸ್, ಸೋದರಿ ಎಂಬ ಅರ್ಥದ ಸ್ವಸೃವಿಗೆ ಸೊರೊರ್. ನಿದ್ರಾಹೀನತೆಗೆ ಹೇಳುವ ಇನ್‌ಸೋಮ್ನಿಯಾ ಆ ಸೊಮ್ನುಸ್‌ನದೇ ಕುಡಿ. ಭಾಷಾವಿಜ್ಞಾನದಲ್ಲಿ ಅರ್ಥಭೇದ ತರುವ ಮಾತಿನ ಸದ್ದಿಗೆ ನಾವು ಬಳಸುವ ‘ಸ್ವನಿಮ’ ಹೀಗೆ ಸೌಂಡ್‌ನ ದೂರದ ನೆಂಟ. ಧ್ವನಿಯ ಬೇರು ಬೇರೆ. ಇಂಗ್ಲಿಷಿನಲ್ಲಿ ಅದರ ನೆಂಟ ಗದ್ದಲ ಎಂಬ ಅರ್ಥದ ‘ಡಿನ್’. ಮಧು–ಮೀಡ್, ವಿಧವಾ–ವಿಡೋ ಜೋಡಿಗಳಲ್ಲೂ ಸಂಸ್ಕೃತದ ಧಕಾರಕ್ಕೆ ಇಂಗ್ಲಿಷಿನ ಡಕಾರ ಇದೇ ರೀತಿ ಹೊಂದುತ್ತದೆ.