ಗಾಡಿ ಮಾತು: ಗೇರ್‌ಬಾಕ್ಸ್ ಇಳಿಸೋದು ಕಡೇ ಕೆಲಸ

ಪ್ರಶ್ನೆ: ಅಪ್ಪ ಓಡಿಸುತ್ತಿದ್ದ 1986ರ ಬುಲೆಟ್ 350 ಈಗ ನನ್ನ ಕೈಗೆ ಬಂದಿದೆ. ಬಲಗಾಲಿನ ಗೇರ್, ಒಂದು ಮೇಲೆ, ಮೂರು ಕೆಳಗೆ. ಥರ್ಡ್‌ನಿಂದ ಸೆಕೆಂಡ್‌ಗೆ ತರುವಾಗ ಎಷ್ಟೋ ಸಲ ಗೇರ್ ಬೀಳೋದೇ ಇಲ್ಲ, ಎಂಜಿನ್ ಸುಮ್ನೆ ಕೂಗುತ್ತದೆ. ನಿಂತಾಗ ನ್ಯೂಟ್ರಲ್ ಸಿಗಲ್ಲ. ಫಸ್ಟ್ ಹಾಕಿದರೆ ಕರ್ರ್ ಅಂತ ಸದ್ದು. ಗೇರ್‌ಬಾಕ್ಸ್ ಹೋಗಿದೆ, ಪೂರ್ತಿ ಇಳಿಸಬೇಕು ಎನ್ನುತ್ತಾರೆ ಮಿಸ್ತ್ರಿ. ಇಳಿಸಲೇ ಸರ್?
ಓದುಗರೊಬ್ಬರು, ಜಮಖಂಡಿ

ಉತ್ತರ: ಈಗಲೇ ಬೇಡ ರೀ. ನಿಮ್ಮ ಗಾಡಿಗೆ ಇರುವುದು ಎರಡು ಬೇರೆ ಬೇರೆ ರೋಗ, ಮಿಸ್ತ್ರಿ ಎರಡಕ್ಕೂ ಒಂದೇ ಹೆಸರು ಇಟ್ಟಿದ್ದಾರೆ.

ನ್ಯೂಟ್ರಲ್ ಸಿಗದಿರುವುದು, ಫಸ್ಟ್ ಹಾಕಿದಾಗ ಸದ್ದು, ಇವೆರಡೂ ಹೆಚ್ಚಾಗಿ ಕ್ಲಚ್‌ನ ಕೆಲಸ. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಕ್ಲಚ್ ಹಿಡಿದು ಕಿಕ್ ಒತ್ತಿ. ಎಂಜಿನ್ ತಿರುಗದೆ ಕಿಕ್ ಸಲೀಸಾಗಿ ಕೆಳಗೆ ಹೋಗಬೇಕು. ಕಾಲಿಗೆ ಗಟ್ಟಿ ಸಿಕ್ಕಿತೋ, ಕ್ಲಚ್ ಪ್ಲೇಟ್‌ಗಳು ಅಂಟಿಕೊಂಡಿವೆ ಅಂತಲೇ ಅರ್ಥ. ನಾಲ್ಕೈದು ಸಲ ಹಾಗೇ ಒತ್ತಿದರೆ ಬಿಟ್ಟುಕೊಳ್ಳುತ್ತವೆ. ಗಾಡಿ ಬಿಸಿಯಾದ ಮೇಲೂ ಹಾಗೇ ಇದ್ದರೆ ಕೇಬಲ್ ಸಡಿಲ ಜಾಸ್ತಿ ಇರಬಹುದು, ಇಲ್ಲಾ ಸ್ಪ್ರಿಂಗ್ ಸ್ಕ್ರೂ ಒಂದು ಬಿಗಿ ಒಂದು ಸಡಿಲ ಇದ್ದು ಪ್ಲೇಟ್ ಸೊಟ್ಟಗೆ ಏಳುತ್ತಿರಬಹುದು. ನಾನೂ ಒಮ್ಮೆ ಗೇರ್‌ಬಾಕ್ಸ್ ಪೂರ್ತಿ ಬಿಚ್ಚಿಸಿ, ಹದಿನೈದು ದಿನ ಗಾಡಿ ಇಲ್ಲದೆ ಓಡಾಡಿ, ಕೊನೆಗೆ ನೋಡಿದರೆ ತಪ್ಪು ಕೇಬಲ್‌ದು!

ಸೆಕೆಂಡ್ ಬೀಳದಿರುವುದು ಇನ್ನೊಂದು ಕಥೆ. ಇಲ್ಲಿ ಒಂದು ವಿಷಯ ಗಮನಿಸಿ: ಗೇರ್ ಕಚ್ಚಿಕೊಳ್ಳುವುದೇ ಇಲ್ಲವೋ, ಕಚ್ಚಿಕೊಂಡು ಸ್ವಲ್ಪ ದೂರ ಓಡಿ ಆಮೇಲೆ ಹಾರುತ್ತದೋ? ನೀವು ಬರೆದ ಪ್ರಕಾರ ಲಿವರ್ ಮೇಲೆತ್ತಿ ಗೇರ್ ಇಳಿಸುವಾಗ ಮಾತ್ರ ತೊಂದರೆ, ಕೆಳಗೆ ಒತ್ತುವಾಗ ಇಲ್ಲ ಅಲ್ವಾ? ಹಾಗಿದ್ದರೆ ಅದು ಅಡ್ಜಸ್ಟ್‌ಮೆಂಟ್. ಆ ಕಾಲದ ಬುಲೆಟ್‌ನಲ್ಲಿ ಇರುವುದು ಆಲ್ಬಿಯನ್ (ಇಂಗ್ಲೆಂಡಿನ ಹಳೇ ಗೇರ್‌ಬಾಕ್ಸ್ ಕಂಪನಿ) ಮಾದರಿಯ ಗೇರ್‌ಬಾಕ್ಸ್, ಎಂಜಿನ್‌ನಿಂದ ಬೇರೆಯೇ ಕೂತಿರುತ್ತದೆ. ಅದರ ಹೊರಗಿನ ಕವರ್ ತೆಗೆದರೆ ಎರಡು ಬೋಲ್ಟ್‌ನ ಒಂದು ಪ್ಲೇಟ್ ಕಾಣುತ್ತದೆ, ಲಿವರ್ ಎಷ್ಟು ದೂರ ಹೋಗಬೇಕು ಎಂದು ತಡೆಯುವುದು ಅದೇ. ಮೊದಲು ಮೊಳೆಯಿಂದ ಗೀರಿ ಗುರುತು ಮಾಡಿಕೊಳ್ಳಿ. ಆಮೇಲೆ ಬೋಲ್ಟ್ ಸಡಿಲಿಸಿ, ಕೂದಲೆಳೆಯಷ್ಟು ಸರಿಸಿ, ಬಿಗಿದು, ಓಡಿಸಿ ನೋಡಿ. ಆ ಕಡೆ ಜಾಸ್ತಿ ಹೋದರೆ ಈಗ ಸರಿಯಿರುವ ಗೇರ್‌ಗಳೂ ತಪ್ಪುತ್ತವೆ, ಅದಕ್ಕೇ ಗುರುತು.

ಕಚ್ಚಿಕೊಂಡ ಗೇರ್ ಏರಿನಲ್ಲಿ ಹಾರಿದರೆ ಮಾತ್ರ ಒಳಗೆ ಸವೆತ ಇದೆ ಎಂದು ಅನುಮಾನ ಪಡಿ. ಆಗಲೂ ಮೊದಲು ಗೇರ್‌ಬಾಕ್ಸ್‌ನ ಎಣ್ಣೆ ನೋಡಿ. ಸೈಕಲ್ ಕಡ್ಡಿ ಅದ್ದಿ ತೆಗೆದು, ಎಣ್ಣೆಯನ್ನು ಬೆರಳ ನಡುವೆ ಉಜ್ಜಿ ಬಿಸಿಲಿಗೆ ಹಿಡಿಯಿರಿ. ಬಂಗಾರದ ಬಣ್ಣದ ಪುಡಿ ಮಿನುಗಿದರೆ ಬುಷ್ (ಶಾಫ್ಟ್ ಕೂರುವ ಕಂಚಿನ ಬಳೆ) ಸವೆದಿದೆ. ಬೆಳ್ಳಿ ಬಣ್ಣದ ಚೂರು ಬಂದರೆ ಹಲ್ಲು ಹೋಗಿವೆ, ಮಿಸ್ತ್ರಿ ಹೇಳಿದ್ದೇ ಸರಿ. ಎಣ್ಣೆಯೇ ಇಲ್ಲದೆ ಗಟ್ಟಿ ಗ್ರೀಸ್ ಇದ್ದರೂ ಗಾಬರಿ ಬೇಡ, ಆಗೆಲ್ಲ ಗ್ರೀಸೇ ಹಾಕುತ್ತಿದ್ದರು. ಆದರೆ ಹಳೇ ಗ್ರೀಸ್ ಒಣಗಿ ಪಕ್ಕಕ್ಕೆ ಸರಿದು ಕೂತಿದ್ದರೆ ಗೇರ್‌ಗಳು ಒಣಗೇ ತಿರುಗುತ್ತಿರುತ್ತವೆ. ಇನ್ನೊಂದು: ಟಾಪ್ ಗೇರ್‌ನಲ್ಲಿ ನಿಶ್ಶಬ್ದ, ಉಳಿದ ಮೂರರಲ್ಲೂ ಗುಂಯ್ ಎಂದರೆ ಕೆಳಗಿನ ಶಾಫ್ಟ್ ಕಡೆ ನೋಡಿ. ಟಾಪ್‌ನಲ್ಲಿ ಅದರ ಮೇಲೆ ಭಾರ ಬೀಳುವುದಿಲ್ಲ.

ಬುಷ್ ಬೇಕಾದರೆ ಹೊಸ ಗೇರ್‌ಬಾಕ್ಸ್ ಹುಡುಕಬೇಡಿ. ಬೆಳಗಾವಿ ಉದ್ಯಮಬಾಗದಲ್ಲಿ ಲೇತ್‌ಗಳಿಗೇನು ಬರವೇ? ಹಳೆಯದು ಕೊಟ್ಟರೆ ಅಳತೆಗೆ ಕಡೆದು ಕೊಡುತ್ತಾರೆ.

ಪ್ರಶ್ನೆ: ನನ್ನ ಯೆಜ್ಡಿಯಲ್ಲಿ ಗೇರ್ ಆಯಿಲ್ ಇಳಿಯುತ್ತಲೇ ಇದೆ, ನೆಲದ ಮೇಲೆ ಒಂದು ಹನಿಯೂ ಇಲ್ಲ. ಎಲ್ಲಿ ಹೋಗುತ್ತಿದೆ?
ಓದುಗರು, ವಿಜಯಪುರ

ಉತ್ತರ: ಸೈಲೆನ್ಸರ್‌ನಿಂದ ಹೋಗುತ್ತಿದೆ. ಹಳೇ ಯೆಜ್ಡಿಯದು ಟೂ ಸ್ಟ್ರೋಕ್ ಎಂಜಿನ್, ಗೇರ್‌ಗೂ ಕ್ಲಚ್‌ಗೂ ಒಂದೇ ಎಣ್ಣೆ. ಕ್ರ್ಯಾಂಕ್‌ನ ಕ್ಲಚ್ ಕಡೆಯ ಆಯಿಲ್ ಸೀಲ್ ಹೋದರೆ ಎಂಜಿನ್ ಆ ಎಣ್ಣೆಯನ್ನು ಹೀರಿ ಸುಡುತ್ತದೆ. ಹೊಗೆ ಜಾಸ್ತಿ, ಪ್ಲಗ್ ಒದ್ದೆ ಇದ್ದರೆ ಅದೇ. ಸೀಲ್ ಬದಲಿಸಿ. ಹೊಸ ಎಣ್ಣೆಯನ್ನು ಲೆವೆಲ್ ಸ್ಕ್ರೂ ತನಕ ಮಾತ್ರ ಹಾಕಿ.