ಚಿಯಾಂಗ್ ಮಾಯ್ ದೀಪದ ಹಬ್ಬ: ಟಿಕೆಟ್ ಬೇಕೇ?

ನವೆಂಬರಿನಲ್ಲಿ ಅಮ್ಮನನ್ನು ಉತ್ತರ ಥಾಯ್ಲೆಂಡಿನ ಚಿಯಾಂಗ್ ಮಾಯ್‌ಗೆ ಕರೆದೊಯ್ಯುತ್ತಿದ್ದೀರಿ, ಸಾವಿರಾರು ಕಾಗದದ ಲಾಟೀನು ಒಟ್ಟಿಗೆ ಹಾರಿಸುವ ಕಾರ್ಯಕ್ರಮಕ್ಕೆ ಟಿಕೆಟ್ ತೆಗೆದುಕೊಳ್ಳಲೇ ಎಂದು ಕೇಳಿದ್ದೀರಿ. ನನ್ನನ್ನು ಕೇಳಿದರೆ ಬೇಡ. ನಾನು ಒಮ್ಮೆ ಹೋಗಿದ್ದೆ. ತಲೆಗೆ ಸಾವಿರಗಟ್ಟಲೆ ಬಾತ್ (ಅಲ್ಲಿನ ಹಣ), ಊರಾಚೆಯ ಬಯಲು. ಮಧ್ಯಾಹ್ನವೇ ವ್ಯಾನ್ ಹತ್ತಿಸಿದರು, ಕೋಣೆ ಸೇರುವಾಗ ನಡುರಾತ್ರಿ. ಫೋಟೊಗಳೇನೋ ಚೆನ್ನಾಗಿ ಬಂದವು. ಆದರೆ ವಯಸ್ಸಾದವರಿಗೆ ಅದು ಶಿಕ್ಷೆ.

ಅಲ್ಲಿ ಒಂದೇ ಹುಣ್ಣಿಮೆಗೆ ಎರಡು ಹಬ್ಬ. ಲಾಯ್ ಕ್ರಥಾಂಗ್ ಇಡೀ ಥಾಯ್ಲೆಂಡಿನದು, ನೀರಿಗೆ ದೀಪ ಬಿಡುವುದು. ಲಾಟೀನಿನ ಯೀ ಪೆಂಗ್ ಉತ್ತರದ ಲಾನ್ನಾ ಸೀಮೆಯದು. ಸಾಮಾನ್ಯವಾಗಿ ನಮ್ಮ ಕಾರ್ತಿಕ ಹುಣ್ಣಿಮೆಗೇ ಬರುತ್ತದೆ; 2024ರಲ್ಲಿ ಎರಡೂ ನವೆಂಬರ್ 15ಕ್ಕೇ ಬಿದ್ದಿದ್ದವು. ನೀರಿನ ತಾಯಿಗೆ ಅವರು ಮೇ ಖೋಂಗ್‌ಖಾ ಎನ್ನುತ್ತಾರೆ. ಅದು ನಮ್ಮ ಗಂಗೆಯ ಹೆಸರೇ ಎಂದರೆ ಸಾಕು, ಅಮ್ಮನಿಗೆ ಬೇರೆ ವಿವರಣೆ ಬೇಕಾಗದು.

ಸಂಜೆ ಪಿಂಗ್ ನದಿಯ ನವರತ್ ಸೇತುವೆಯ ಕಡೆ ಹೋಗಿ. ದಾರಿಯುದ್ದಕ್ಕೂ ಕ್ರಥಾಂಗ್, ಅಂದರೆ ನೀರಿಗೆ ಬಿಡುವ ದೀಪದ ತೇಲುಬುಟ್ಟಿ ಮಾರುತ್ತಾರೆ. ಥರ್ಮಾಕೋಲಿನದನ್ನು ಮುಟ್ಟಬೇಡಿ. ಬ್ರೆಡ್ಡಿನದು ಮೀನಿಗೆ ಆಹಾರ ಎನ್ನುತ್ತಾರೆ, ಅತಿಯಾದರೆ ಅದೂ ನೀರು ಕೆಡಿಸುತ್ತದೆ. ಬಾಳೆದಿಂಡಿನದನ್ನೇ ಕೊಳ್ಳಿ: ಬಿಲ್ಲೆಯಂತೆ ಕತ್ತರಿಸಿದ ದಿಂಡು, ಸುತ್ತಲೂ ಮಡಿಸಿ ಚುಚ್ಚಿದ ಬಾಳೆಲೆಯ ದಳಗಳು, ನಡುವೆ ಚೆಂಡುಹೂ, ಒಂದು ಮೇಣದಬತ್ತಿ, ಮೂರು ಊದುಬತ್ತಿ. ಕೆಲವರು ಉಗುರಿನ ಚೂರು, ಕೂದಲೆಳೆ ಇಡುತ್ತಾರೆ, ವರ್ಷದ ಕೇಡೆಲ್ಲ ತೇಲಿಹೋಗಲೆಂದು. ನಾಣ್ಯ ಇಟ್ಟರೆ ತುಸು ಕೆಳಗೆ ಹುಡುಗರು ನೀರಿಗಿಳಿದು ಆರಿಸಿಕೊಳ್ಳುತ್ತಾರೆ. ಬೇಸರ ಬೇಡ, ಅದೂ ಹಬ್ಬದ ಭಾಗವೇ. ಬೆಂಕಿಪೊಟ್ಟಣದ ಬದಲು ಲೈಟರ್ ಇರಲಿ. ನದಿಗಾಳಿಗೆ ನನ್ನ ಐದು ಕಡ್ಡಿಗಳು ಆರಿದವು. ಕೊನೆಗೆ ಪಕ್ಕದ ಅಜ್ಜಿಯೊಬ್ಬರು ಮಾತಿಲ್ಲದೆ ತಮ್ಮ ದೀಪವನ್ನೇ ಓರೆಮಾಡಿ ಹಚ್ಚಿಕೊಟ್ಟರು. ಮೆಟ್ಟಿಲು ಪಾಚಿಗಟ್ಟಿರುತ್ತದೆ, ಅಮ್ಮನ ಕೈ ಬಿಡಬೇಡಿ.

ನದಿಗೆ ಮೊದಲು ಹಳೆಯ ಊರಿನ ವಾಟ್ ಫಾನ್ ತಾವ್ ದೇಗುಲ ನೋಡಿ. ತೇಗದ ಮರದ ಗುಡಿ, ಪಕ್ಕದಲ್ಲೇ ಕೊಳ. ಮನೆ ಬಾಗಿಲುಗಳಲ್ಲೂ ಮಣ್ಣಿನ ಹಣತೆ ಸಾಲುಗಟ್ಟಿರುತ್ತವೆ, ಥೇಟ್ ನಮ್ಮವೇ.

ಲಾಟೀನು ಹಾರಿಸಲೇಬೇಕೆಂದರೆ ಬೀದಿ ವ್ಯಾಪಾರಿಯ ಮಾತು ನಂಬಬೇಡಿ. ಗೊತ್ತುಪಡಿಸಿದ ದಿನ, ಹೊತ್ತು, ಜಾಗ ಬಿಟ್ಟರೆ ನಿಷೇಧ. ಆ ವರ್ಷದ ನಿಯಮವನ್ನು ಹೋಟೆಲಿನಲ್ಲಿ ವಿಚಾರಿಸಿ. ಬಿಸಿಗಾಳಿ ತುಂಬಿ ತಾನಾಗಿ ಮೇಲಕ್ಕೆ ಜಗ್ಗುವವರೆಗೂ ಕೈ ಬಿಡಬಾರದು.

ನೀವು ಸಸ್ಯಾಹಾರಿಗಳಾದರೆ ಊಟಕ್ಕೆ ‘ಜೇ’ (ಮೀನು, ಮಾಂಸ ಇಲ್ಲದ್ದು) ಎನ್ನಿ, ಇಲ್ಲವಾದರೆ ತರಕಾರಿಗೂ ಮೀನಿನ ಸಾಸ್ ಬಿದ್ದಿರುತ್ತದೆ. ಹಬ್ಬದ ರಾತ್ರಿಗಳಲ್ಲಿ ಲಾಟೀನುಗಳ ಕಾರಣಕ್ಕೆ ಅನೇಕ ವಿಮಾನಗಳು ರದ್ದಾಗುತ್ತವೆ, ವೇಳೆ ಬದಲಾಗುತ್ತದೆ. ಹಿಂದಿರುಗುವ ಟಿಕೆಟ್ ಹಬ್ಬ ಮುಗಿದ ಮೇಲಿನ ಹಗಲಿಗೆ ಇರಲಿ.